ಕಾಳಿ ಕಣಿವೆಯ ಕರೆಂಟು, ನಮ್ಮ ಊರಿನ ಶಾಲೆ

(ಶಿರಸಿಯಲ್ಲಿ ಸರ್ಕಾರಿ ಶಾಲೆಗಳ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ವಿದ್ಯುತ್ ಕಂಪನಿಗಳು ಸ್ಥಳೀಯ ಜನರಿಗೆ ಮತ್ತು ಶಿಕ್ಷಣಕ್ಕೆ ಹೇಗೆ ನೆರವಾಗುತ್ತವೆ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ಈ ವಿಷಯದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಎರಡು ಬಗೆಯದು. ಕಂಪನಿಯವರು ಮಾತಿಗೆ ನಿಂತರೆ ಕಟ್ಟಿಸಿಕೊಟ್ಟ ಕೊಠಡಿ, ಹಂಚಿದ ಬ್ಯಾಗು, ನಡೆಸಿದ ಆರೋಗ್ಯ ಶಿಬಿರಗಳ ಪಟ್ಟಿ ಬರುತ್ತದೆ. ಊರವರು ಮಾತಿಗೆ ನಿಂತರೆ ಮುಳುಗಿದ ಗದ್ದೆ, ತೋಟ, ದೇವಸ್ಥಾನಗಳ ಪಟ್ಟಿ ಬರುತ್ತದೆ. ಎರಡೂ ನಿಜವೇ. ಆದರೆ ಅಡಿಕೆ ವ್ಯಾಪಾರಿಯ ಖಾತೆ ಪುಸ್ತಕದ ಹಾಗೆ ಇವೆರಡನ್ನೂ ಎದುರುಬದುರು ಪುಟಗಳಲ್ಲಿ ಬರೆದು, ಯಾವ ಕಂಪನಿಯ ಕಡೆಯಿಂದ ಏನು ಬರಬೇಕಾಗಿದೆ ಮತ್ತು ಅದು ಯಾವ ಕಾನೂನಿನಿಂದ ಬರಬೇಕಾಗಿದೆ ಎಂದು ನೋಡುವ ಕೆಲಸ ಅಷ್ಟಾಗಿ ಆಗಿಲ್ಲ. ಇಂದು ನಾನು ಮಾಡಲು ಹೊರಟಿರುವುದು ಅಷ್ಟನ್ನೇ. ಕಂಪನಿಯ ನೆರವನ್ನು ನಾವು ಉಪಕಾರವೆಂದು ಸ್ವೀಕರಿಸುವುದನ್ನು ಬಿಟ್ಟು ಲೆಕ್ಕವೆಂದು ಕೇಳಲು ಕಲಿಯಬೇಕು, ಮತ್ತು ಹಣಕ್ಕಿಂತ ಹೆಚ್ಚಾಗಿ ಆ ಕಂಪನಿಗೆ ಮಾತ್ರ ಗೊತ್ತಿರುವ ಕೆಲಸವನ್ನು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಯಾರು ಯಾರು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಹಳ್ಳಿಯಲ್ಲಿ ಇಂದಿಗೂ ಎಲ್ಲವನ್ನೂ ಸೇರಿಸಿ ‘ಕೆಇಬಿಯವರು’ ಎನ್ನುವ ರೂಢಿಯಿದೆ. ಆದರೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿಯೇ ಇಲ್ಲವಾಯಿತು. ಅದರ ಜಾಗದಲ್ಲಿ ಬಂದ ಕೆಪಿಟಿಸಿಎಲ್ (ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ) ದೊಡ್ಡ ಲೈನುಗಳನ್ನೂ ಸಬ್‌ಸ್ಟೇಷನ್‌ಗಳನ್ನೂ ನೋಡಿಕೊಳ್ಳುತ್ತದೆ. ಮನೆ, ಅಂಗಡಿ, ಶಾಲೆಗಳಿಗೆ ಕರೆಂಟು ಕೊಟ್ಟು ಬಿಲ್ಲು ವಸೂಲು ಮಾಡುವ ಕೆಲಸ 2002ರಿಂದ ಹೆಸ್ಕಾಂನದು. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ಈ ಕಂಪನಿಯ ವ್ಯಾಪ್ತಿಗೆ ನಮ್ಮದೂ ಸೇರಿ ಏಳು ಜಿಲ್ಲೆಗಳು ಬರುತ್ತವೆ. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ, ಗೇರುಸೊಪ್ಪಗಳಲ್ಲಿ ನೀರಿನಿಂದ ವಿದ್ಯುತ್ ತೆಗೆಯುವುದು 1970ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುತ್ ನಿಗಮ, ಅಂದರೆ ಕೆಪಿಸಿ. ಕೈಗಾ ಸ್ಥಾವರ ಕೇಂದ್ರ ಸರ್ಕಾರದ ಭಾರತೀಯ ಪರಮಾಣು ವಿದ್ಯುತ್ ನಿಗಮದ್ದು. ಕೈಗಾದಿಂದ ಘಟ್ಟ ಹತ್ತಿ ಧಾರವಾಡ ಸಮೀಪದ ನರೇಂದ್ರದ ಕಡೆಗೆ ಹೋಗುವ 400 ಕಿಲೋವೋಲ್ಟ್ ಲೈನಿನಂಥವು ಕೇಂದ್ರದ ಪ್ರಸರಣ ಕಂಪನಿಯಾದ ಪವರ್ ಗ್ರಿಡ್‌ಗೆ ಸೇರುತ್ತವೆ. ಶಾಲೆಯ ಬೇಡಿಕೆಯ ಅರ್ಜಿಗಳು ಉತ್ತರವಿಲ್ಲದೆ ಉಳಿಯುವುದಕ್ಕೆ ಅವು ತಪ್ಪು ಕಂಪನಿಯ ಮೇಜಿನ ಮೇಲೆ ಹೋಗಿ ಬೀಳುವುದೂ ಒಂದು ಕಾರಣ.

ಇನ್ನು ಉತ್ಪಾದನೆಯ ಕಡೆ ನೋಡೋಣ. ಜೋಯಿಡಾ ತಾಲ್ಲೂಕಿನ ದಿಗ್ಗಿಯ ಬಳಿ ಹುಟ್ಟಿ ಕಾರವಾರದ ಸದಾಶಿವಗಡದ ಹತ್ತಿರ ಕಡಲು ಸೇರುವ ಕಾಳಿ ನದಿ ಹರಿಯುವುದು ಸುಮಾರು 184 ಕಿಲೋಮೀಟರ್. ಇಷ್ಟು ಚಿಕ್ಕ ನದಿಯ ಮೇಲೆ ಸೂಪಾದಲ್ಲಿ 100 ಮೆಗಾವ್ಯಾಟ್, ನಾಗಝರಿಯಲ್ಲಿ 900ರ ಆಸುಪಾಸು, ಕೊಡಸಳ್ಳಿಯಲ್ಲಿ 120, ಕದ್ರಾದಲ್ಲಿ 150 ಮೆಗಾವ್ಯಾಟ್ ಸಾಮರ್ಥ್ಯದ ಜಲವಿದ್ಯುದಾಗಾರಗಳಿವೆ. ಅದೇ ನದಿಯ ದಂಡೆಯಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳ ಕೈಗಾ ಇದೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಕೈಗಾದ ಒಂದನೇ ಘಟಕ 2016ರ ಮೇಯಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ಜಾಗತಿಕ ದಾಖಲೆ ಮಾಡಿತು. ಅದೇ ಮಳೆಗಾಲಗಳಲ್ಲಿ ಇದೇ ಕಣಿವೆಯ ಎಷ್ಟೋ ಹಳ್ಳಿಗಳಲ್ಲಿ ಮರ ಬಿದ್ದು ಕಂಬ ಮುರಿದು ದಿನಗಟ್ಟಲೆ ಕತ್ತಲೆಯಿತ್ತು ಎಂಬುದನ್ನು ನಿಮಗೆ ಬೇರೆ ಹೇಳಬೇಕಾಗಿಲ್ಲ. ಇದರಲ್ಲಿ ತಾಂತ್ರಿಕವಾಗಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ವಿದ್ಯುತ್ ತಯಾರಾಗುವ ಜಾಗಕ್ಕೂ ಹನ್ನೊಂದು ಕಿಲೋವೋಲ್ಟ್ ಲೈನಿನ ಕೊನೆಯ ಕಂಬಕ್ಕೂ ನೇರ ಸಂಬಂಧವಿಲ್ಲ. ಆದರೆ ಹೊಣೆಗಾರಿಕೆಯ ಲೆಕ್ಕದಲ್ಲಿ ಆ ಸಂಬಂಧ ಇದೆ ಎಂದೇ ನಾನು ವಾದಿಸುತ್ತೇನೆ.

ಸೂಪಾ ಅಣೆಕಟ್ಟೆ ಕಟ್ಟುವಾಗ ಮುಳುಗಿದ್ದು ಬರೀ ಕಾಡಲ್ಲ. ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಪೇಟೆಯೇ ನೀರಿನಡಿ ಹೋಯಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು, ನಿರಾಶ್ರಿತರ ದೊಡ್ಡ ಪಾಲು ರಾಮನಗರಕ್ಕೆ ಹೋಯಿತು. ಪೇಟೆ ಮುಳುಗಿದಾಗ ಶಾಲೆ, ಸಂತೆ, ಆಸ್ಪತ್ರೆಗಳು ಒಟ್ಟಿಗೆ ಹೋಗುತ್ತವೆ. ಜಮೀನಿಗೆ ಪರಿಹಾರ ಕೊಡಬಹುದು, ಒಂದು ಪೇಟೆ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಕೊಡುತ್ತಿದ್ದ ಅವಕಾಶಕ್ಕೆ ಯಾವ ಕೋಷ್ಟಕದಲ್ಲಿಯೂ ದರವಿಲ್ಲ. ಕಂಪನಿಗಳು ಅಂಬಿಕಾನಗರ, ಗಣೇಶಗುಡಿ, ಕದ್ರಾ, ಮಲ್ಲಾಪುರಗಳಲ್ಲಿ ತಮ್ಮ ನೌಕರರಿಗಾಗಿ ಕಾಲೊನಿ ಕಟ್ಟಿದವು, ಅದರೊಂದಿಗೆ ವಿದ್ಯಾಭ್ಯಾಸ ಮತ್ತು ಚಿಕಿತ್ಸೆಯ ವ್ಯವಸ್ಥೆಯನ್ನೂ ತಂದವು. ಕೈಗಾ ನೌಕರರ ವಸತಿ ಇರುವ ಮಲ್ಲಾಪುರದಲ್ಲಿ ಪರಮಾಣು ಶಕ್ತಿ ಕೇಂದ್ರೀಯ ಶಾಲೆ ಇದೆ. ಆ ಶಾಲೆಗಳ ನಿಯಮದಂತೆ ಇಲಾಖೆಯ ನೌಕರರ ಮಕ್ಕಳಿಗೆ ಮೊದಲ ಆದ್ಯತೆ, ಜಾಗ ಉಳಿದರೆ ಹೊರಗಿನವರಿಗೆ. ಕಾಲೊನಿಯ ಶಾಲೆ ಒಳ್ಳೆಯದಿದ್ದಷ್ಟೂ ಅದರ ಬೇಲಿಯ ಆಚೆಯ ಸರ್ಕಾರಿ ಶಾಲೆ ಕಣ್ಣಿಗೆ ಬಡವಾಗಿ ಕಾಣುತ್ತದೆ. ಇದು ಯಾರ ಮೇಲಿನ ದೂರೂ ಅಲ್ಲ. ಆದರೆ ನೌಕರರಿಗಾಗಿ ಮಾಡಿದ್ದನ್ನು ಊರಿಗಾಗಿ ಮಾಡಿದ್ದೆಂದು ಎಣಿಸಬಾರದು, ಮತ್ತು ಈಗಿನ ಕಾನೂನು ಕೂಡ ಹಾಗೆ ಎಣಿಸಲು ಬಿಡುವುದಿಲ್ಲ.

ಆ ಕಾನೂನಿಗೇ ಬರುತ್ತೇನೆ. 2013ರ ಕಂಪನಿಗಳ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಆಸ್ತಿ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು. ಇದನ್ನೇ ನಾವು ಸಿಎಸ್‌ಆರ್ ಹಣ ಎನ್ನುವುದು. ಕಾಯ್ದೆಯ ಏಳನೇ ಪರಿಶಿಷ್ಟದಲ್ಲಿ ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಕೌಶಲ್ಯ ತರಬೇತಿ, ಗ್ರಾಮೀಣಾಭಿವೃದ್ಧಿ ಎಲ್ಲವೂ ಇವೆ. ನಮಗೆ ಬೇಕಾದ ಮುಖ್ಯ ವಾಕ್ಯ ಅದೇ ಕಲಮಿನಲ್ಲಿದೆ: ಕಂಪನಿಯು ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೂ ಅದರ ಸುತ್ತಮುತ್ತಲಿಗೂ ಆದ್ಯತೆ ಕೊಡಬೇಕು. ತನ್ನ ನೌಕರರಿಗಷ್ಟೇ ಲಾಭವಾಗುವ ಕೆಲಸವನ್ನಾಗಲಿ, ತನ್ನ ದಿನನಿತ್ಯದ ವ್ಯವಹಾರದ ಕೆಲಸವನ್ನಾಗಲಿ ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. 2021ರ ತಿದ್ದುಪಡಿಯ ನಂತರ, ಯಾವ ನಡೆಯುತ್ತಿರುವ ಯೋಜನೆಗೂ ಸೇರದೆ ವೆಚ್ಚವಾಗದೆ ಉಳಿದ ಹಣವನ್ನು ವರ್ಷ ಮುಗಿದ ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ ನಿಧಿಗೆ ಕಟ್ಟಬೇಕು. ಅಂದರೆ ಜಿಲ್ಲೆಯಿಂದ ಸರಿಯಾದ ಬೇಡಿಕೆ ಹೋಗದಿದ್ದರೆ ಹಣ ಕಂಪನಿಯ ಬಳಿಯೂ ಉಳಿಯುವುದಿಲ್ಲ, ನಮಗೂ ಬರುವುದಿಲ್ಲ.

ಈ ಕಾನೂನಿನಲ್ಲಿ ಒಂದು ಓರೆ ಇದೆ, ಅದನ್ನು ಗಮನಿಸಬೇಕು. ಹಣ ಹರಿಯುವುದು ಲಾಭದ ಅಳತೆಯಲ್ಲಿ. ಹೊರೆ ಬೀಳುವುದು ನೆಲದ ಅಳತೆಯಲ್ಲಿ. ಹಿಂದಿನ ಮೂರು ವರ್ಷಗಳ ಸರಾಸರಿಯಲ್ಲಿ ಲಾಭವಿಲ್ಲದಿದ್ದರೆ ಕಂಪನಿ ಈ ಹಣ ತೆಗೆದಿಡಬೇಕಾಗಿಲ್ಲ. ಉತ್ಪಾದನೆಯ ಕಂಪನಿಗೆ ಹಣವಿರಬಹುದು, ಆದರೆ ಅದರ ಮುಖವನ್ನು ಹಳ್ಳಿಯವರು ನೋಡುವುದು ಅಪರೂಪ. ದಿನವೂ ಮುಖ ನೋಡುವುದು ವಿತರಣಾ ಕಂಪನಿಯ ಲೈನ್‌ಮನ್‌ನನ್ನು. ದೇಶದಲ್ಲಿ ಹಲವು ಸರ್ಕಾರಿ ವಿತರಣಾ ಕಂಪನಿಗಳು ನಷ್ಟ ಮತ್ತು ಸಬ್ಸಿಡಿಯ ನಡುವೆ ಬದುಕುತ್ತಿರುವಂಥವು; ಅವುಗಳಿಂದ ಸಿಎಸ್‌ಆರ್ ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಅದರಲ್ಲೂ ಸುಮಾರು ಮುಕ್ಕಾಲು ಪಾಲಿಗೂ ಮಿಕ್ಕಿ ಕಾಡೇ ಇರುವ ನಮ್ಮ ಜಿಲ್ಲೆಯಲ್ಲಿ ನಾಲ್ಕಾರು ಮನೆಗಳಿಗಾಗಿ ಕಿಲೋಮೀಟರುಗಟ್ಟಲೆ ಲೈನು ಎಳೆಯಬೇಕು, ಪ್ರತಿ ಮೇ ತಿಂಗಳಲ್ಲಿ ಲೈನಿಗೆ ತಾಗುವ ಕೊಂಬೆಗಳ ಜಂಗಲ್ ಕಟಿಂಗ್ ಮಾಡಿಸಬೇಕು, ಮಳೆಗಾಲದಲ್ಲಿ ಮುರಿದ ಕಂಬಗಳನ್ನು ಹೆಗಲ ಮೇಲೆ ಹೊತ್ತು ಸಾಗಿಸಬೇಕು. ಇಲ್ಲಿ ವಿತರಣಾ ಕಂಪನಿಯಿಂದ ಕೇಳಬೇಕಾದದ್ದು ಬ್ಯಾಗು ಪುಸ್ತಕಗಳನ್ನಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಜಲವಿದ್ಯುತ್ತಿಗೆ ಸಂಬಂಧಿಸಿ ಇನ್ನೊಂದು ದಾರಿ ಇದೆ. 2008ರ ಕೇಂದ್ರ ಜಲವಿದ್ಯುತ್ ನೀತಿ, ರಾಜ್ಯಕ್ಕೆ ಉಚಿತವಾಗಿ ಕೊಡುವ ಶೇ. 12ರಷ್ಟು ವಿದ್ಯುತ್ತಿನ ಜೊತೆಗೆ ಇನ್ನೂ ಶೇ. 1ರಷ್ಟನ್ನು ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಗೆ ಮೀಸಲಿಡಬೇಕೆಂದೂ, ರಾಜ್ಯವೂ ಅಷ್ಟನ್ನೇ ಸೇರಿಸುವುದು ಅಪೇಕ್ಷಿತವೆಂದೂ ಹೇಳಿತು. ಯೋಜನೆಯಿಂದ ನೆಲೆ ಕಳೆದುಕೊಂಡ ಪ್ರತಿ ಕುಟುಂಬಕ್ಕೆ ಹತ್ತು ವರ್ಷ ತಿಂಗಳಿಗೆ 100 ಯೂನಿಟ್ ವಿದ್ಯುತ್ ಕೊಡಬೇಕೆಂಬ ಮಾತೂ ಅದರಲ್ಲಿದೆ. ಈ ನೀತಿಯ ಚೆಲುವೆಂದರೆ ಇಲ್ಲಿ ಅಳತೆ ಲಾಭದ್ದಲ್ಲ, ಉತ್ಪಾದನೆಯದು. ಟರ್ಬೈನು ತಿರುಗಿದಷ್ಟು ಕಾಲ ಊರಿಗೆ ಪಾಲು. ಕಾಳಿಯ ಅಣೆಕಟ್ಟುಗಳು ಅದಕ್ಕೂ ಬಹಳ ಮೊದಲೇ ಕಟ್ಟಿ ಮುಗಿದಿದ್ದವು. ಆದರೆ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಮತ್ತೆ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಯ ಚರ್ಚೆ ನಡೆದಿರುವಾಗ, ಅದು ಬೇಕೋ ಬೇಡವೋ ಎಂಬ ಪ್ರಶ್ನೆಯ ಪಕ್ಕದಲ್ಲೇ ಉತ್ಪಾದನೆಯಲ್ಲಿ ಊರಿನ ಪಾಲೆಷ್ಟು ಎಂಬ ಪ್ರಶ್ನೆಯನ್ನೂ ಹೊನ್ನಾವರದವರು ಇಡಬೇಕಾಗಿದೆ. ಬೇಡ ಎನ್ನುವವರಿಗೂ ಈ ಲೆಕ್ಕ ಗೊತ್ತಿರುವುದು ಒಳ್ಳೆಯದು.

ಈಗ ಶಾಲೆಯ ಒಳಗೆ ಹೋಗೋಣ. ಕಂಪನಿಗಳ ಹಣದಿಂದ ಶಾಲೆಗೆ ಬರುವ ವಸ್ತುಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಮುಂಚೂಣಿಯಲ್ಲಿರುವುದು ಸೌರ ಫಲಕ ಮತ್ತು ಸ್ಮಾರ್ಟ್ ಕ್ಲಾಸ್ ಪರದೆ. ಫೋಟೊಕ್ಕೆ ಇವು ಚೆನ್ನಾಗಿ ಒದಗುತ್ತವೆ, ಒಂದೇ ದಿನದಲ್ಲಿ ಹಸ್ತಾಂತರವೂ ಆಗುತ್ತದೆ. ಆದರೆ ನಮ್ಮ ಘಟ್ಟದ ಮೇಲಿನ ಹವೆಯನ್ನು ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಲೈನು ಕೈಕೊಡುವ ಕಾಲದಲ್ಲಿಯೇ, ಮೋಡ ಕವಿದು ಫಲಕದ ಉತ್ಪಾದನೆ ತೀರಾ ಇಳಿಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಧಾರಾಳ, ಆಗ ಪರೀಕ್ಷೆ ಮತ್ತು ರಜೆ. ಸುತ್ತ ಮರಗಳಿರುವ ಶಾಲೆಯ ಮಾಡಿನ ಮೇಲೆ ನೆರಳು ಬಿದ್ದರೆ ಒಂದು ಮೂಲೆಯ ನೆರಳೂ ಇಡೀ ಸಾಲಿನ ಫಲಕಗಳ ಉತ್ಪಾದನೆಯನ್ನು ಎಳೆದುಹಾಕುತ್ತದೆ. ಸೀಸ ಮತ್ತು ಆಮ್ಲದ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಚೆನ್ನಾಗಿ ನೋಡಿಕೊಂಡರೂ ನಾಲ್ಕೈದು ವರ್ಷಕ್ಕೆ ಅದನ್ನು ಬದಲಿಸಲೇಬೇಕು. ಕಂಪನಿಯ ಹಣ ಮೊದಲ ಬ್ಯಾಟರಿಗೆ ಇರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ. ಎಸ್‌ಡಿಎಂಸಿಯ ಕೈಯಲ್ಲಿ ಅಷ್ಟು ದುಡ್ಡು ಒಟ್ಟಿಗೆ ಎಂದೂ ಇರುವುದಿಲ್ಲ. ಹಾಗಾಗಿ ಬ್ಯಾಟರಿ ಸತ್ತ ದಿನ ಸ್ಮಾರ್ಟ್ ಕ್ಲಾಸ್ ಕೂಡ ಸಾಯುತ್ತದೆ. ಅದರ ಮೇಲೆ ಕಂಪನಿಯ ಹೆಸರಿನ ಫಲಕ ಮಾತ್ರ ಹೊಳೆಯುತ್ತಿರುತ್ತದೆ.

ಇದಕ್ಕೆ ಬೇರೆ ಬಗೆಯಲ್ಲಿ ಯೋಚಿಸಿದವರೂ ಇದ್ದಾರೆ. 1995ರಲ್ಲಿ ಆರಂಭವಾದ, ಕರ್ನಾಟಕದಲ್ಲಿ ಬಡವರ ಮನೆಗಳಿಗೆ ಸೌರ ದೀಪ ಒದಗಿಸುವ ಕೆಲಸದಲ್ಲಿ ಹೆಸರಾದ ಸೆಲ್ಕೋ ಸಂಸ್ಥೆ ಶಾಲೆಗಳಲ್ಲಿ ಒಂದು ಏರ್ಪಾಟು ಮಾಡಿತು. ಫಲಕ ಶಾಲೆಯ ಮಾಡಿನ ಮೇಲೆ. ಪ್ರತಿ ಮಗುವಿಗೂ ಒಂದು ಚಿಕ್ಕ ದೀಪ ಮತ್ತು ಕೈಯಲ್ಲಿ ಹಿಡಿಯುವಷ್ಟು ಬ್ಯಾಟರಿ. ಮಗು ಬೆಳಿಗ್ಗೆ ಬ್ಯಾಟರಿಯನ್ನು ಶಾಲೆಗೆ ತಂದು ಚಾರ್ಜಿಗೆ ಹಾಕಬೇಕು, ಸಂಜೆ ಮನೆಗೆ ಒಯ್ದು ಓದಬೇಕು. ಶಾಲೆ ತಪ್ಪಿಸಿದರೆ ಮನೆಯಲ್ಲಿ ಬೆಳಕಿಲ್ಲ. ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಇದು ವಿದ್ಯುತ್ ಸರಬರಾಜು ಕಂಪನಿಯಲ್ಲ, ಸೌರ ಸಾಮಗ್ರಿಯ ಸಂಸ್ಥೆ. ಆದರೂ ಇಲ್ಲಿ ಹೆಸರಿಸುವುದೇಕೆಂದರೆ, ಮಗು ಶಾಲೆಗೆ ಬರುವುದಕ್ಕೂ ಮನೆಯಲ್ಲಿ ದೀಪ ಉರಿಯುವುದಕ್ಕೂ ಅಲ್ಲಿ ಗಂಟು ಹಾಕಿದ್ದಾರೆ, ಮತ್ತು ಸಣ್ಣ ಬ್ಯಾಟರಿ ಹಾಳಾದರೆ ಒಂದು ಮನೆಯ ಮಟ್ಟಿಗೆ ನಷ್ಟ, ಶಾಲೆ ಪೂರ್ತಿ ಕತ್ತಲಾಗುವುದಿಲ್ಲ.

ಶಾಲೆಯ ಬಿಲ್ಲಿನ ಪ್ರಶ್ನೆಯನ್ನು ನಾನು ಬೇಗ ದಾಟುತ್ತೇನೆ. 2023ರ ರಾಜ್ಯೋತ್ಸವದ ದಿನ ರಾಜ್ಯ ಸರ್ಕಾರ ಸರ್ಕಾರಿ ಶಾಲಾ ಕಾಲೇಜುಗಳಿಗೆ ಉಚಿತ ವಿದ್ಯುತ್ ಮತ್ತು ನೀರನ್ನು ಘೋಷಿಸಿತು. ಅಲ್ಲಿಯವರೆಗೆ ಶಾಲೆಯ ಅನುದಾನದಲ್ಲಿ ಚಾಕ್‌ಪೀಸಿಗೂ ಕರೆಂಟಿಗೂ ಜಗಳವಿತ್ತು. ಆ ಜಗಳ ನಿಂತಿತು ಎಂದ ಮೇಲೆ, ಕಂಪನಿಗಳ ಬಳಿ ಬಿಲ್ಲಿನ ನೆರವು ಕೇಳುವ ಕಾಲ ಮುಗಿದು ಗುಣಮಟ್ಟದ ಕರೆಂಟು ಕೇಳುವ ಕಾಲ ಬಂದಿದೆ.

ಹೊರದೇಶದ ಒಂದು ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ 1930ರ ದಶಕದ ನಡುವೆ ಹತ್ತು ರೈತ ಮನೆಗಳಲ್ಲಿ ಒಂಬತ್ತಕ್ಕೆ ಕರೆಂಟು ಇರಲಿಲ್ಲ. ಲಾಭ ಕಾಣದ ಖಾಸಗಿ ಕಂಪನಿಗಳು ಹಳ್ಳಿಗೆ ಲೈನು ಎಳೆಯಲು ಒಪ್ಪಲಿಲ್ಲ. 1935ರಲ್ಲಿ ಅಲ್ಲಿನ ಸರ್ಕಾರ ಗ್ರಾಮೀಣ ವಿದ್ಯುದೀಕರಣಕ್ಕಾಗಿಯೇ ಒಂದು ಸಂಸ್ಥೆ ಮಾಡಿ ಸಾಲ ಕೊಡತೊಡಗಿದಾಗ ರೈತರೇ ಸಹಕಾರಿ ಸಂಘ ಕಟ್ಟಿಕೊಂಡು ಕಂಬ ನೆಟ್ಟರು. ಅಂಥ ಒಂದು ಸಂಘ, ದಕ್ಷಿಣ ಕ್ಯಾರೊಲಿನಾದ ಪಾಲ್ಮೆಟೊ ಎಲೆಕ್ಟ್ರಿಕ್, 1989ರಲ್ಲಿ ಸರಳವಾದೊಂದು ಪದ್ಧತಿ ತಂದಿತು: ಒಪ್ಪಿದ ಸದಸ್ಯರ ಬಿಲ್ಲನ್ನು ಮುಂದಿನ ಪೂರ್ಣ ಡಾಲರಿಗೆ ಏರಿಸುವುದು, ಆ ಚಿಲ್ಲರೆಯನ್ನೆಲ್ಲ ಒಂದು ನಿಧಿಗೆ ಹಾಕುವುದು, ಯಾರಿಗೆ ಕೊಡಬೇಕೆಂದು ಊರಿನ ಸ್ವಯಂಸೇವಕರ ಮಂಡಳಿ ತೀರ್ಮಾನಿಸುವುದು. ಒಬ್ಬ ಸದಸ್ಯನಿಗೆ ತಿಂಗಳಿಗೆ 99 ಸೆಂಟಿಗಿಂತ, ವರ್ಷಕ್ಕೆ 12 ಡಾಲರಿಗಿಂತ ಹೆಚ್ಚು ಬೀಳಲು ಸಾಧ್ಯವೇ ಇಲ್ಲ. ಆಮೇಲೆ ಇದು ಆ ದೇಶದ ಬೇರೆ ಬೇರೆ ವಿದ್ಯುತ್ ಸಹಕಾರಿ ಸಂಘಗಳಿಗೆ ಹಬ್ಬಿತು. ವಿದ್ಯಾರ್ಥಿವೇತನ, ಶಿಕ್ಷಕರಿಗೆ ಸಣ್ಣ ಅನುದಾನ ಮುಂತಾದವು ಇಂಥ ನಿಧಿಗಳಿಂದ ನಡೆಯುತ್ತವೆ.

ವಿದ್ಯುತ್ ಸಹಕಾರಿ ಸಂಘ ನಮಗೆ ಹೊಸದೇನಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ಸಗಟಾಗಿ ವಿದ್ಯುತ್ ಕೊಂಡು ತನ್ನ ಸದಸ್ಯರಿಗೆ ಹಂಚುತ್ತಿದೆ. ಶಿರಸಿಯ ಬಗ್ಗೆಯಂತೂ ಹೇಳಲೇಬೇಕಾಗಿಲ್ಲ. ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘವಾದ ಟಿಎಸ್‌ಎಸ್ ಹುಟ್ಟಿದ್ದು 1923ರಲ್ಲಿ. ಸಹಕಾರ ನಮ್ಮ ರಕ್ತದಲ್ಲಿದೆ ಎಂದು ಭಾಷಣ ಮಾಡುವ ನಾವು, ನಮ್ಮ ಊರಿನ ಶಾಲೆಗಳಿಗಾಗಿ ಬಿಲ್ಲಿನ ಚಿಲ್ಲರೆ ಕೂಡಿಸುವ ಒಂದು ಸ್ವಯಂಪ್ರೇರಿತ ವ್ಯವಸ್ಥೆಯನ್ನು ಸಹಕಾರಿ ಸಂಘಗಳ ಮೂಲಕವಾದರೂ ಯೋಚಿಸಬಹುದಿತ್ತು. ಒಂದು ಎಚ್ಚರಿಕೆ ಮಾತ್ರ: ಇದನ್ನು ಕಡ್ಡಾಯ ಮಾಡಿದರೆ ಅದು ಇನ್ನೊಂದು ತೆರಿಗೆಯಾಗುತ್ತದೆ, ಮತ್ತು ದೊಡ್ಡ ಕಂಪನಿಗಳು ತಮ್ಮ ಹೊಣೆಯನ್ನು ಬಳಕೆದಾರರ ಚಿಲ್ಲರೆಯ ಹಿಂದೆ ಅಡಗಿಸಲು ದಾರಿಯಾಗುತ್ತದೆ.

ವಿತರಣಾ ಕಂಪನಿಯಿಂದ ಏನು ಕೇಳಬೇಕು ಎಂದು ಬಾಕಿ ಇಟ್ಟಿದ್ದೆ. ಅದರ ಬಳಿ ಹಣವಿರಲಿ ಇಲ್ಲದಿರಲಿ, ಕೆಲಸ ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಮತ್ತು ಅದರ ನಿಯಮಗಳ 2019ರ ತಿದ್ದುಪಡಿಯ ಪ್ರಕಾರ ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು, ಅಂದರೆ ಕೆಲಸ ಕಲಿಯುವವರನ್ನು, ತೆಗೆದುಕೊಳ್ಳಬೇಕು. ಇಲ್ಲಿ ಲಾಭ ನಷ್ಟದ ಮಾತೇ ಇಲ್ಲ. ಸಿಎಸ್‌ಆರ್ ಬಗ್ಗೆ ನೂರು ಭಾಷಣ ಆಗಿದ್ದರೆ ಈ ಕಾಯ್ದೆಯ ಬಗ್ಗೆ ನಮ್ಮ ಹೈಸ್ಕೂಲುಗಳಲ್ಲಿ ಒಂದೂ ಆಗಿರಲಿಕ್ಕಿಲ್ಲ. ಐಟಿಐ ಮುಗಿಸಿದ ಜೋಯಿಡಾದ, ಸಿದ್ದಾಪುರದ ಹುಡುಗ ಹುಡುಗಿಯರು ಬೆಂಗಳೂರಿನ ಕಾರ್ಖಾನೆಯ ಗೇಟಿಗೆ ಹೋಗುವ ಮೊದಲು ತಮ್ಮ ಕಣಿವೆಯಲ್ಲೇ ಇರುವ ವಿದ್ಯುದಾಗಾರ, ಸಬ್‌ಸ್ಟೇಷನ್, ಸೆಕ್ಷನ್ ಆಫೀಸುಗಳಲ್ಲಿ ಅಪ್ರೆಂಟಿಸ್ ಜಾಗ ಎಷ್ಟಿದೆ ಎಂದು ಕೇಳಬೇಕು. ಪವರ್‌ಮ್ಯಾನ್ (ಲೈನ್‌ಮನ್) ನೇಮಕಾತಿಯಲ್ಲಿ ಹತ್ತನೇ ತರಗತಿಯ ಅಂಕವೇ ಆಧಾರ. ಜೊತೆಗೆ 8 ಮೀಟರ್ ಎತ್ತರದ ಕಂಬ ಹತ್ತುವ ಪರೀಕ್ಷೆಯಿದೆ. ಚಿಕ್ಕಂದಿನಿಂದ ಅಡಿಕೆ ಮರ ನೋಡಿಕೊಂಡು ಬೆಳೆದ ನಮ್ಮ ಹುಡುಗರು ಕಂಬದಲ್ಲಿ ಸೋಲುವುದಿಲ್ಲ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಸೋಲುತ್ತಾರೆ. ಹಾಗಾದರೆ ಕಂಪನಿಯ ಹಣ ಬಣ್ಣದ ಪರದೆಗೆ ಹೋಗಬೇಕೋ, ಸಂಜೆಯ ಗಣಿತ ತರಗತಿಗೆ ಒಬ್ಬ ಅತಿಥಿ ಶಿಕ್ಷಕರ ಗೌರವಧನಕ್ಕೆ ಹೋಗಬೇಕೋ? ನನ್ನ ಓಟು ಎರಡನೆಯದಕ್ಕೆ.

ವಿತರಣಾ ಕಂಪನಿಗೆ ಮಾತ್ರ ಗೊತ್ತಿರುವ ಇನ್ನೊಂದು ಪಾಠ ಸುರಕ್ಷತೆಯದು. ಅಡಿಕೆ ಕೊನೆ ಕೊಯ್ಯುವುದಕ್ಕೂ ಮದ್ದು ಹೊಡೆಯುವುದಕ್ಕೂ ಈಗ ತೋಟಗಳಲ್ಲಿ ಉದ್ದನೆಯ ಹಗುರವಾದ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತಿ ಕೊಯ್ಯುವ ಕೊನೆಗೌಡರು ಸಿಗದ ಕಾಲದಲ್ಲಿ ಅದು ವರವೇ. ಆದರೆ ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಅಲ್ಯೂಮಿನಿಯಂ ಕೊಳವೆಯಲ್ಲಿ ಅಪಾಯವಿದೆ ಎಂದು ಯಾರಿಗಾದರೂ ತೋಚುತ್ತದೆ. ಪ್ಲಾಸ್ಟಿಕ್ಕಿನಂತೆ ಕಾಣುವ ಕಪ್ಪು ದೋಟಿಯಲ್ಲೂ ಅದೇ ಅಪಾಯವಿದೆ ಎಂದು ತೋಚುವುದಿಲ್ಲ. ತೋಟದ ಮೇಲೆ ಹಾದ ಹನ್ನೊಂದು ಕಿಲೋವೋಲ್ಟ್ ತಂತಿಗೆ ಅದು ತಾಗಬೇಕೆಂದೂ ಇಲ್ಲ, ಒದ್ದೆ ಹವೆಯಲ್ಲಿ ತೀರಾ ಸಮೀಪ ಹೋದರೂ ಸಾಕು. ಇದರ ಜೊತೆಗೆ ಕಂಬದ ಸ್ಟೇ ತಂತಿಗೆ ದನ ಕಟ್ಟುವುದು, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಪಕ್ಕದಲ್ಲಿ ಫ್ಯೂಸಿಗೆ ತಾವೇ ಕೈಹಾಕುವುದು, ಗಾಳಿಮಳೆಗೆ ಬಿದ್ದ ತಂತಿಯನ್ನು ಕೋಲಿನಿಂದ ಸರಿಸುವುದು. ಮಳೆಗಾಲಕ್ಕೆ ಮುಂಚೆ, ಅಂದರೆ ಶಾಲೆ ತೆರೆದ ಮೊದಲ ವಾರದಲ್ಲಿಯೇ, ಸೆಕ್ಷನ್ ಆಫೀಸಿನ ಒಬ್ಬ ಪವರ್‌ಮ್ಯಾನ್ ಶಾಲೆಗೆ ಬಂದು ಬಿದ್ದ ತಂತಿ ಕಂಡರೆ ಎಷ್ಟು ದೂರ ನಿಲ್ಲಬೇಕು, 1912ಕ್ಕೆ ಕರೆ ಮಾಡಿ ಕಂಬದ ಗುರುತನ್ನು ಹೇಗೆ ಹೇಳಬೇಕು ಎಂದು ಅರ್ಧ ಗಂಟೆ ಹೇಳಿದರೆ ಅದಕ್ಕೆ ಖರ್ಚಿಲ್ಲ. ಮಕ್ಕಳು ಮನೆಗೆ ಹೋಗಿ ಅಪ್ಪ, ಅಜ್ಜಂದಿರಿಗೆ ಹೇಳುತ್ತಾರೆ. ಡಿಸೆಂಬರ್ 14ರ ಇಂಧನ ಉಳಿತಾಯ ದಿನಕ್ಕೆ ಚಿತ್ರಕಲಾ ಸ್ಪರ್ಧೆ ನಡೆಸುವುದು ಬೇಡವೆಂದಲ್ಲ, ನಡೆಯಲಿ. ಆದರೆ ನಮ್ಮ ತೋಟಗಳ ಮಟ್ಟಿಗೆ ಜೂನ್‌ನ ಆ ಅರ್ಧ ಗಂಟೆಯೇ ಮೇಲು.

ಉತ್ಪಾದನಾ ಕಂಪನಿಗಳಿಗೂ ಇಂಥದೇ ಒಂದು ಪಾಠವಿದೆ. 2019ರ ಮತ್ತು 2021ರ ಮಳೆಗಾಲದಲ್ಲಿ ಕದ್ರಾ ಜಲಾಶಯದಿಂದ ನೀರು ಬಿಟ್ಟಾಗ ಕೆಳದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಿಮ್ಮ ನೆನಪಿನಲ್ಲಿದೆ. ಎಷ್ಟು ಕ್ಯೂಸೆಕ್ ಬಿಟ್ಟರೆ ನೀರು ಎಷ್ಟು ಹೊತ್ತಿನಲ್ಲಿ ಯಾವ ಕೇರಿಗೆ ಮುಟ್ಟುತ್ತದೆ ಎಂಬ ಲೆಕ್ಕ ಅಣೆಕಟ್ಟೆ ನಡೆಸುವವರ ಬಳಿ ಇರುತ್ತದೆ. ಅದನ್ನು ಕನ್ನಡದಲ್ಲಿ, ಶಾಲೆಯ ಗೋಡೆಯ ಮೇಲೆ, ಆ ಊರಿನ ನಕ್ಷೆಯೊಂದಿಗೆ ಬರೆಸುವುದು ಒಂದು ಕೊಠಡಿ ಕಟ್ಟುವುದಕ್ಕಿಂತ ಅಗ್ಗ, ಮತ್ತು ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಭೂಗೋಳ ಪಾಠ ಬೇರೊಂದಿಲ್ಲ. ಕೈಗಾದ ಸುತ್ತ 16 ಕಿಲೋಮೀಟರ್ ವ್ಯಾಪ್ತಿಗೆ ತುರ್ತುಸ್ಥಿತಿಯ ಯೋಜನೆಯಿದೆ, ಅಣಕು ಕಾರ್ಯಾಚರಣೆಗಳೂ ನಡೆಯುತ್ತವೆ. ಪರಿಸರದ ವಿಕಿರಣವನ್ನು ಅಳೆಯುವ ಪ್ರಯೋಗಾಲಯ ಸ್ಥಾವರ ಆರಂಭವಾಗುವ ಮೊದಲಿನಿಂದಲೇ ಕೆಲಸ ಮಾಡುತ್ತಿದೆ. ನೀರು, ಹಾಲು, ಮೀನುಗಳ ಮಾದರಿ ತೆಗೆದು ಅಳೆಯುವ ಈ ಕೆಲಸವನ್ನು ಹತ್ತಿರದ ಹೈಸ್ಕೂಲಿನ ಮಕ್ಕಳ ಎದುರು ಮಾಡಿ ತೋರಿಸಿ, ಅಂಕಿಗಳನ್ನು ಅವರ ಕೈಗೇ ಕೊಟ್ಟು ಗ್ರಾಫ್ ಬರೆಸಿದರೆ, ಹೆದರಿಸುವವರ ಮಾತನ್ನೂ ಹೆದರಬೇಡಿ ಎನ್ನುವವರ ಮಾತನ್ನೂ ಅವರು ಸ್ವತಃ ತೂಗಿ ನೋಡಬಲ್ಲರು. ಕೈಗಾದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತ ಬಂದಿರುವ ಪಕ್ಷಿ ವೀಕ್ಷಣೆಯ ಮ್ಯಾರಥಾನ್ ಈ ದಾರಿಯದೇ ಕೆಲಸ. ಕಂಪನಿ ತನ್ನ ಆವರಣದ ಕಾಡನ್ನು ಹೊರಗಿನವರ ಕಣ್ಣಿಗೆ ತೆರೆದಿಟ್ಟ ಕಾರಣ ಅದಕ್ಕೆ ಬೆಲೆ.

ಕಂಪನಿಗಳು ನಮಗೆ ಕಲಿಸುವುದಷ್ಟೇ ಅಲ್ಲ, ಈ ಜಿಲ್ಲೆ ಕಂಪನಿಗೆ ಕಲಿಸಿದ್ದೂ ಉಂಟು. ಬೇಡ್ತಿ ನದಿಗೆ ಅಣೆಕಟ್ಟೆ ಕಟ್ಟುವ ಯೋಜನೆ ಬಂದಾಗ 1981ರಲ್ಲಿ ಇದೇ ಶಿರಸಿಯಲ್ಲಿ ಟಿಎಸ್‌ಎಸ್ ಆಶ್ರಯದಲ್ಲಿ ರೈತರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು, ಮುಳುಗುವ ಅಡಿಕೆ ತೋಟ, ಕಾಡು, ಬೆಟ್ಟ ಎಲ್ಲಕ್ಕೂ ಬೆಲೆ ಕಟ್ಟಿ ಯೋಜನೆಯ ಲಾಭ ನಷ್ಟದ ಲೆಕ್ಕವನ್ನು ಹೊಸದಾಗಿ ಹಾಕಿದರು. ಯೋಜನೆ ನಿಂತಿತು. ಘೋಷಣೆ ಕೂಗಿದ್ದೂ ಇತ್ತು, ಆದರೆ ಅಂಕಿಗಳಿಗೆ ಅಂಕಿಗಳಿಂದ ಉತ್ತರ ಕೊಟ್ಟದ್ದು ದೇಶದಲ್ಲೇ ಹೊಸ ಬಗೆಯ ಕೆಲಸವಾಗಿತ್ತು. ಅಂಥ ಪರಂಪರೆ ಇರುವ ಊರಿನಲ್ಲಿ ಶಾಲೆಯ ಬೇಡಿಕೆಯನ್ನು ‘ದಯವಿಟ್ಟು ಸಹಾಯ ಮಾಡಬೇಕಾಗಿ ವಿನಂತಿ’ ಎಂಬ ಎರಡು ಸಾಲಿನಲ್ಲಿ ಮುಗಿಸುವುದು ನಮಗೆ ಶೋಭಿಸುವುದಿಲ್ಲ.

ಹಾಗಾಗಿ ಕೊನೆಗೆ ಅರ್ಜಿಯ ವಿಷಯ. ಸಿಎಸ್‌ಆರ್ ಸಮಿತಿ ಪ್ರತಿ ಹಣಕಾಸು ವರ್ಷಕ್ಕೂ ಒಂದು ವಾರ್ಷಿಕ ಕ್ರಿಯಾ ಯೋಜನೆ ಮಾಡಿ ಆಡಳಿತ ಮಂಡಳಿಗೆ ಕೊಡಬೇಕೆಂಬ ನಿಯಮವಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಓಡಾಡಿದರೆ ಸಿಗುವುದು ಉಳಿದ ಚೂರುಪಾರು. ಮುಂದಿನ ವರ್ಷದ ಕೆಲಸಕ್ಕೆ ದೀಪಾವಳಿಯ ಹೊತ್ತಿಗೇ ಅರ್ಜಿ ಹೋಗಬೇಕು. ಯುವಕ ಸಂಘದವರು ತಮ್ಮ ಖಾತೆಗೆ ಹಣ ಬರುತ್ತದೆಂದು ಕಾಯಬಾರದು. 2021ರ ಏಪ್ರಿಲ್‌ನಿಂದ ಇಂಥ ಕೆಲಸವನ್ನು ಕಂಪನಿಯ ಪರವಾಗಿ ನಡೆಸುವ ಟ್ರಸ್ಟು, ಸೊಸೈಟಿಗಳು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಣಿಯಾಗಿರಬೇಕು. ಆ ನೋಂದಣಿ ಇಲ್ಲದಿದ್ದರೆ ಕಂಪನಿಯೇ ನೇರವಾಗಿ ಕೆಲಸ ಮಾಡಿಸಲಿ ಎಂದು ಕೇಳುವುದು ಸುಲಭ. ಅರ್ಜಿಗೆ ಎಸ್‌ಡಿಎಂಸಿಯ ಠರಾವು, ಪಂಚಾಯಿತಿಯ ಒಪ್ಪಿಗೆ, ಶಾಲೆಯಿಂದ ಅಣೆಕಟ್ಟೆ ಅಥವಾ ಸ್ಥಾವರಕ್ಕೆ ಇರುವ ದೂರ, ಮುಳುಗಡೆಯಿಂದ ಬಂದ ಕುಟುಂಬಗಳ ಮಕ್ಕಳು ಎಷ್ಟಿದ್ದಾರೆ ಎಂಬ ಪಟ್ಟಿ ಸೇರಿಸಿ. ಕೇಳುವ ವಸ್ತುವಿನ ಬೆಲೆಯ ಕೆಳಗೆ ಐದು ವರ್ಷದ ನಿರ್ವಹಣೆಯ ಬೆಲೆಯನ್ನೂ, ಬ್ಯಾಟರಿ ಇದ್ದರೆ ಎರಡನೇ ಬ್ಯಾಟರಿಯ ಬೆಲೆಯನ್ನೂ ಬರೆಯಿರಿ. ವಿತರಣೆಯ ತೊಂದರೆಗಳಿದ್ದರೆ ಅವನ್ನು ಈ ಅರ್ಜಿಯಲ್ಲಿ ಬೆರೆಸದೆ ಉಪವಿಭಾಗದ ಗ್ರಾಹಕರ ಸಂವಾದ ಸಭೆಗೆ ಬೇರೆಯಾಗಿ ಒಯ್ಯಿರಿ, ಮತ್ತು ದರ ಪರಿಷ್ಕರಣೆಗೆ ಮುನ್ನ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಗೂ ಲಿಖಿತವಾಗಿ ಕಳಿಸಿ. ಕರಡು ಅರ್ಜಿ ತಂದಿರುವ ಶಾಲೆಗಳಿದ್ದರೆ ಚಹಾದ ನಂತರ ಒಂದೊಂದಾಗಿ ನೋಡೋಣ. ಜೋಯಿಡಾದಿಂದ ಬಂದವರಿಗೆ ಬಸ್ಸಿನ ಹೊತ್ತಾಗುವುದರಿಂದ ಅವರದನ್ನು ಮೊದಲು ತೆಗೆದುಕೊಳ್ಳುತ್ತೇನೆ.